ನಾಲ್ಕು ಬೆರಳು ಏರಿ ನಿಂತ ನೀರು

ಸ್ಟ್ರಾ ಸೀಳಿರುವುದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಜ್ಯೂಸಿನ ಲೋಟ, ಬಾಯಲ್ಲಿ ಸ್ಟ್ರಾ, ಕಣ್ಣು ಮೊಬೈಲಿನ ಮೇಲೆ. ಒಂದು ಸಲ ಹೀರಿದೆ. ಬಾಯಿ ತುಂಬ ಗಾಳಿ, ಅದರ ಜೊತೆ ನಾಲ್ಕು ಹನಿ. ಇನ್ನಷ್ಟು ಜೋರಾಗಿ ಎಳೆದೆ, ಇನ್ನಷ್ಟು ಗಾಳಿ ಬಂತು. ಹೊರಗೆ ತೆಗೆದು ನೋಡಿದರೆ ಮೇಲ್ತುದಿಯಿಂದ ಎರಡು ಬೆರಳು ಕೆಳಗೆ, ಉಗುರಲ್ಲಿ ಗೀರಿದಂಥ ಸಣ್ಣ ಸೀಳು. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಹೀರಿದೆ. ಒಂದೇ ಏಟಿಗೆ ಬಾಯಿ ತುಂಬಿತು.

ಎದುರು ಕೂತಿದ್ದ ಮಗಳು ಇದನ್ನೆಲ್ಲ ನೋಡುತ್ತಿದ್ದಳು. "ಅಮ್ಮಾ, ಮೊದಲೂ ಅಷ್ಟೇ ಜೋರಾಗಿ ಎಳೆದೆ ತಾನೆ? ಆಗ ಯಾಕೆ ಬರ್ಲಿಲ್ಲ?"

"ಸೀಳಿನಿಂದ ಗಾಳಿ ನುಗ್ಗುತ್ತೆ ಪುಟ್ಟಾ."

"ನುಗ್ಗಿದ್ರೆ ನುಗ್ಲಿ. ಜ್ಯೂಸನ್ನೂ ನೀನು ಎಳೀತಾನೇ ಇದ್ದೀಯಲ್ಲ. ಗಾಳಿ ಜೊತೆ ಅದೂ ಬರ್ಬೇಕಲ್ವಾ?"

ನಾನು ಉತ್ತರ ಹೇಳಲಿಲ್ಲ. ಮಾತು ತಪ್ಪಿಸಲು ಲೋಟದ ತಳದಲ್ಲಿ ಉಳಿದಿದ್ದನ್ನು ಗೊರ್ರ್ ಎಂದು ಸದ್ದು ಮಾಡಿ ಮುಗಿಸಿದೆ. ಚಿಕ್ಕಂದಿನಲ್ಲಿ ಈ ಸದ್ದಿಗಾಗಿ ಅಪ್ಪನಿಂದ ಗದರಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. "ಮುಗೀತಲ್ಲ, ಇನ್ನೇನು ಲೋಟ ತಿಂತೀಯಾ?" ಅನ್ನುತ್ತಿದ್ದರು. ಮಗಳಿಗೆ ನಾನು ಹಾಗೆ ಗದರಿಲ್ಲ. ಆ ಸದ್ದು ನನಗೂ ಇಷ್ಟ ಅನ್ನುವುದು ಬೇರೆ ಮಾತು.

ಅವಳ ಪ್ರಶ್ನೆ ಮಾತ್ರ ತಲೆಯಲ್ಲೇ ಕೂತಿತು. ಹಗ್ಗ ಕಟ್ಟಿ ಕೊಡ ಎಳೆಯುವವನ ಪಕ್ಕದಲ್ಲಿ ಗಾಳಿ ಎಷ್ಟು ಬೀಸಿದರೇನು, ಕೊಡ ಮೇಲೆ ಬಂದೇ ಬರುತ್ತದೆ. ನಾನು ಜ್ಯೂಸನ್ನು ನಿಜವಾಗಿ ಎಳೆಯುತ್ತಿದ್ದರೆ ಉಗುರಗಲದ ಸೀಳು ನನ್ನ ಕೈ ಕಟ್ಟುತ್ತಿರಲಿಲ್ಲ. ಹಾಗಾದರೆ ನಾನು ಎಳೆಯುತ್ತಲೇ ಇರಲಿಲ್ಲವೇ?

ಇರಲಿಲ್ಲ. ಸ್ಟ್ರಾ ಇಟ್ಟುಕೊಂಡ ಯಾರೂ ಏನನ್ನೂ ಎಳೆಯುವುದಿಲ್ಲ. ದ್ರವವನ್ನು ಎಳೆಯಲು ಹಿಡಿದುಕೊಳ್ಳುವುದಕ್ಕೆ ಅಲ್ಲಿ ಏನಿದೆ? ನನ್ನ ತುಟಿಗೂ ಜ್ಯೂಸಿಗೂ ನಡುವೆ ಇರುವುದು ಒಂದು ಗೇಣು ಗಾಳಿ. ಗಾಳಿಗೆ ಕೊಂಡಿ ಇಲ್ಲ, ಅದನ್ನು ಹಿಡಿದು ಜಗ್ಗಲು ಆಗುವುದಿಲ್ಲ. ಆದರೆ ಅದಕ್ಕೆ ಒತ್ತಲು ಬರುತ್ತದೆ. ನಮ್ಮ ತಲೆಯ ಮೇಲಿನ ಅಷ್ಟೂ ಗಾಳಿಯ ಭಾರ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ತೂಕದಷ್ಟು ಬಲದಲ್ಲಿ ಸದಾ ಒತ್ತುತ್ತಿರುತ್ತದೆ. ಲೋಟದಲ್ಲಿರುವ ಜ್ಯೂಸಿನ ಮೇಲೂ ಒತ್ತುತ್ತದೆ, ಸ್ಟ್ರಾದೊಳಗಿನ ಜ್ಯೂಸಿನ ಮೇಲೂ ಅಷ್ಟೇ ಒತ್ತುತ್ತದೆ. ಒಂದು ಬಾಗಿಲನ್ನು ಇಬ್ಬರು ಆಚೆ ಈಚೆಯಿಂದ ಸಮಬಲದಲ್ಲಿ ದಬ್ಬುತ್ತಿದ್ದಾರೆ ಅಂದುಕೊಳ್ಳಿ. ಒಳಗಿರುವವನು ತುಸು ಕೈ ಸಡಿಲಿಸಿದರೂ ಬಾಗಿಲು ಒಳಕ್ಕೆ ಬರುತ್ತದೆ. ಅವನು ಅದನ್ನು ಎಳೆದಿಲ್ಲ, ದಬ್ಬುವುದನ್ನು ಕಡಿಮೆ ಮಾಡಿದ್ದಾನೆ ಅಷ್ಟೆ. ನಾವು ಬಾಯಲ್ಲಿ ಮಾಡುವುದೂ ಇದೇ. ತುಟಿ ಬಿಗಿಯುತ್ತೇವೆ, ನಾಲಿಗೆಯನ್ನು ಹಿಂದಕ್ಕೆ ಕೆಳಕ್ಕೆ ಜಾರಿಸುತ್ತೇವೆ, ದವಡೆ ಚೂರು ಇಳಿಯುತ್ತದೆ. ಬಾಯೊಳಗಿನ ಜಾಗ ದೊಡ್ಡದಾಗುತ್ತದೆ, ಇದ್ದಷ್ಟೇ ಗಾಳಿ ಅಲ್ಲಿ ಹರಡಿಕೊಂಡು ಅದರ ಒತ್ತಡ ಇಳಿಯುತ್ತದೆ. ಮಿಕ್ಕ ಕೆಲಸವೆಲ್ಲ ಹೊರಗಿನ ಗಾಳಿಯದು. ಅದು ಲೋಟದ ಮೇಲೆ ಕೂತು ಜ್ಯೂಸನ್ನು ಸ್ಟ್ರಾದೊಳಗೆ ತಳ್ಳಿ ನಮ್ಮ ಬಾಯಿಗೆ ತಂದು ಹಾಕುತ್ತದೆ. ನಾವು ಮಾತ್ರ ಹೀರಿದೆವು ಎಂದು ಹೇಳಿಕೊಳ್ಳುತ್ತೇವೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸೀಳಿನ ಗುಟ್ಟು ಇಷ್ಟೇ. ಹೊರಗಿನ ಗಾಳಿಗೆ ಜ್ಯೂಸನ್ನು ಹೊತ್ತುಕೊಂಡು ಸುತ್ತಿ ಬರುವ ದಾರಿ ಒಂದಿತ್ತು. ಈಗ ನೇರ ಬಾಯಿಗೇ ನುಗ್ಗುವ ಕಳ್ಳದಾರಿ ಸಿಕ್ಕಿತು. ನಾನು ಬಾಯೊಳಗೆ ಒತ್ತಡ ಇಳಿಸಿದಷ್ಟೂ ಅದು ಬಂದು ತುಂಬಿಬಿಡುತ್ತದೆ. ಲೋಟದ ಕಡೆ ಒತ್ತಡದ ವ್ಯತ್ಯಾಸವೇ ಉಳಿಯುವುದಿಲ್ಲ. ಲೋಟದ ತಳದ ಗೊರ್ರ್ ಸದ್ದೂ ಇದೇ ಜಾತಿಯದು. ಸ್ಟ್ರಾದ ತುದಿ ಅರ್ಧ ಜ್ಯೂಸಿನಲ್ಲಿ, ಅರ್ಧ ಬಯಲಲ್ಲಿ ಇದ್ದಾಗ ಗಾಳಿ ತಾನೂ ಒಳಗೆ ನುಗ್ಗುತ್ತ, ಹನಿಗಳನ್ನೂ ಎಳೆದು ತರುತ್ತ ಮಾಡುವ ಗಲಾಟೆ.

ಇಷ್ಟನ್ನು ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ. ನಂಬದಿದ್ದದ್ದೇ ಒಳ್ಳೆಯದಾಯಿತು, ಒಂದು ಭಾನುವಾರ ಪೂರ್ತಿ ಅದರಲ್ಲೇ ಹೋಯಿತು.

ಮೊದಲು ಎರಡು ಸ್ಟ್ರಾ. ಒಂದರ ತುದಿ ಲೋಟದೊಳಗೆ, ಇನ್ನೊಂದರ ತುದಿ ಲೋಟದ ಹೊರಗೆ, ಎರಡರ ಮೇಲ್ತುದಿಯೂ ಬಾಯಲ್ಲಿ. ಹೀರಿದರೆ ಬರೀ ಗಾಳಿ. ಹೊರಗಿನ ಸ್ಟ್ರಾದ ಬಾಯಿಗೆ ನಾನು ಬೆರಳು ಇಟ್ಟೆ, ನೀರು ಬಂತು. ತೆಗೆದೆ, ನಿಂತಿತು. ನಲ್ಲಿ ತಿರುಗಿಸಿದ ಹಾಗೆ. ಆಮೇಲೆ ಗಾಜಿನ ಬಾಟಲಿ. ಅದರ ಬಾಯಲ್ಲಿ ಸ್ಟ್ರಾ ಇಳಿಬಿಟ್ಟು ಸುತ್ತಲಿನ ಸಂದನ್ನು ನಾದಿದ ಹಿಟ್ಟಿನಿಂದ ಗಾಳಿಯಾಡದಂತೆ ಮೆತ್ತಿದೆವು. ಒಂದು ಚಮಚದಷ್ಟು ನೀರು ಬಂತು, ಅಷ್ಟೇ. ಎಷ್ಟು ತಿಣುಕಿದರೂ ಮುಂದೆ ಒಂದು ಹನಿ ಇಲ್ಲ. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ಬಾಟಲಿಯ ಒಳಗೆ 100 ಮಿಲಿಲೀಟರ್ ಗಾಳಿ ಇದ್ದರೆ, 5 ಮಿಲಿಲೀಟರ್ ನೀರು ಹೊರಬಿದ್ದ ಕೂಡಲೇ ಆ ಗಾಳಿ 105 ಮಿಲಿಲೀಟರ್ ಜಾಗಕ್ಕೆ ಹರಡಿಕೊಂಡು ಅದರ ಒತ್ತಡ ಸುಮಾರು ನೂರಕ್ಕೆ ಐದರಷ್ಟು ಇಳಿದಿರುತ್ತದೆ. ನಮ್ಮ ಬಾಯಲ್ಲೂ ಅಷ್ಟೇ ಇಳಿದಿದ್ದರೆ ಇಬ್ಬರೂ ಸಮ. ತಳ್ಳುವವರು ಯಾರೂ ಇಲ್ಲ. ಮಗಳು ಸುಸ್ತಾಗಿ ಬಾಯಿ ತೆಗೆದಾಗ ಸ್ಟ್ರಾದಿಂದ ಬುಳುಬುಳು ಎಂದು ಗಾಳಿ ವಾಪಸು ಬಾಟಲಿಗೆ ಇಳಿಯಿತು. ಅದನ್ನು ನೋಡಿದ ಮೇಲೆ ಅವಳು ನಂಬಿದಳು. ಜ್ಯೂಸಿನ ರಟ್ಟಿನ ಡಬ್ಬಿ ಕುಡಿಯುತ್ತ ಕುಡಿಯುತ್ತ ಚಪ್ಪಟೆಯಾಗುವುದು ಇದಕ್ಕೇ: ಅದಕ್ಕೆ ಗಾಜಿನ ಹಾಗೆ ಹಟ ಮಾಡಲು ಬರುವುದಿಲ್ಲ, ಹೊರಗಿನ ಗಾಳಿ ಹಿಸುಕಿದರೆ ಕುಗ್ಗುತ್ತದೆ.

ಒಂದು ಮಾಮೂಲಿ ಸ್ಟ್ರಾ 6 ಮಿ.ಮೀ. ಅಗಲ, 20 ಸೆಂ.ಮೀ. ಉದ್ದ ಇದೆ ಅನ್ನೋಣ. ತುಂಬಿ ನಿಂತಾಗ ಅದರಲ್ಲಿರುವ ನೀರಿನ ತೂಕ 6 ಗ್ರಾಂ ಕೂಡ ಇಲ್ಲ. ಅದನ್ನು ಮೇಲೆ ತರಲು ಬಾಯಿಯ ಒತ್ತಡವನ್ನು ನೂರಕ್ಕೆ ಎರಡರಷ್ಟು ಇಳಿಸಿದರೆ ಸಾಕು. ನೀರು ಕುಡಿದಷ್ಟು ಸಲೀಸು ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಸ್ಟ್ರಾ ಎಷ್ಟು ಉದ್ದ ಇರಬಹುದು? ಒತ್ತುವ ಗಾಳಿಯ ಬಲಕ್ಕೆ ಮಿತಿ ಇದೆಯಾದ್ದರಿಂದ ಅದು ಎತ್ತುವ ನೀರಿಗೂ ಮಿತಿ ಇದೆ. ಬಾಯೊಳಗೆ ಪೂರ್ತಿ ನಿರ್ವಾತವನ್ನೇ ಮಾಡಿಕೊಂಡರೂ, ಸಮುದ್ರಮಟ್ಟದಲ್ಲಿ ನೀರು ಸುಮಾರು 10.3 ಮೀಟರ್ ಏರಿ ನಿಂತುಬಿಡುತ್ತದೆ. ಈ ಗಡಿಯನ್ನು ಮೊದಲು ಕಂಡವರು ಪಂಡಿತರಲ್ಲ, ಬಾವಿಗೆ ಪಂಪು ಕೂರಿಸುವವರು. ಪ್ರಕೃತಿಗೆ ಶೂನ್ಯ ಅಂದರೆ ಆಗದು, ಅದಕ್ಕೇ ನೀರು ಓಡಿ ಬಂದು ಖಾಲಿ ಜಾಗ ತುಂಬುತ್ತದೆ ಎನ್ನುವುದು ಆ ಕಾಲದ ತಿಳಿವಳಿಕೆ. ಆದರೆ ಪಂಪಿನ ನೀರು ಒಂದು ಎತ್ತರದವರೆಗೆ ಓಡಿ ಬಂದು, ಆಮೇಲೆ ಶೂನ್ಯದ ಭಯವನ್ನೇ ಮರೆತವರ ಹಾಗೆ ನಿಂತುಬಿಡುತ್ತಿತ್ತು. ಗೆಲಿಲಿಯೋ ತನ್ನ 1638ರ ಪುಸ್ತಕದಲ್ಲಿ ಇದನ್ನು ಪ್ರಸ್ತಾಪಿಸುತ್ತಾನೆ. ಅವನು ಕೊಟ್ಟ ವಿವರಣೆ ನನಗೆ ತುಂಬ ಇಷ್ಟ. ನೀರಿನ ಕಂಬವೆಂದರೆ ತೂಗುಬಿಟ್ಟ ಹಗ್ಗದಂತೆ. ಉದ್ದವಾಗುತ್ತ ಹೋದರೆ ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆ ಅಂದ. ತಪ್ಪು ವಿವರಣೆ. ಆದರೂ ಆ ಹಗ್ಗವನ್ನು ಒಂದು ಕಡೆ ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೋಮ್‌ನಲ್ಲಿ ಗ್ಯಾಸ್ಪರೋ ಬೆರ್ತಿ ಎಂಬಾತ 1640ರ ಆಸುಪಾಸಿನಲ್ಲಿ ತನ್ನ ಮನೆಯ ಗೋಡೆಗೆ ಉದ್ದನೆಯ ಸೀಸದ ಕೊಳವೆ ನಿಲ್ಲಿಸಿ ನೀರು ತುಂಬಿ ಪರೀಕ್ಷೆ ಮಾಡಿದ. ನೀರು ಸರಿಯಾಗಿ ಅದೇ ಎತ್ತರಕ್ಕೆ ಇಳಿದು ನಿಂತಿತು. ಮನೆಯೆತ್ತರದ ಕೊಳವೆಯ ಗೋಳು ಬೇಡವೆಂದು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಪಾದರಸ ಹಿಡಿದ. ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ ಅದು 76 ಸೆಂ.ಮೀ.ಗೇ ನಿಲ್ಲುತ್ತದೆ, ಮೇಜಿನ ಮೇಲೇ ಆಟ ಮುಗಿಯುತ್ತದೆ. 1644ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂಬ ಅರ್ಥದ ಮಾತು ಬರೆದ. ಒಳಗಿನಿಂದ ಎಳೆಯುವವರು ಯಾರೂ ಇಲ್ಲ, ಹೊರಗಿನಿಂದ ಒತ್ತುವವರು ಇದ್ದಾರೆ. ಬ್ಲೇಸ್ ಪಾಸ್ಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ ಹಡಗಿನ ಪಟಗಂಬಕ್ಕೆ ಉದ್ದುದ್ದ ಗಾಜಿನ ಕೊಳವೆ ಕಟ್ಟಿಸಿ ಜನರೆದುರು ನೀರನ್ನೂ ವೈನನ್ನೂ ತುಂಬಿ ತೋರಿಸಿದ. ಗಾಳಿಯ ಕಡಲು ನಿಜವಾದರೆ ಬೆಟ್ಟ ಹತ್ತಿದಾಗ ಅದರ ಆಳ ಕಡಿಮೆಯಾಗಬೇಕಲ್ಲ? 1648ರ ಸೆಪ್ಟೆಂಬರ್ 19ರಂದು ಅವನ ಭಾವ ಫ್ಲೋರಾಂ ಪೆರಿಯೆ ಪಾದರಸದ ಕೊಳವೆ ಹೊತ್ತು ಪುಯ್ ದ ಡೋಮ್ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ 8 ಸೆಂ.ಮೀ.ಗೂ ಹೆಚ್ಚು ಕೆಳಗಿಳಿದಿತ್ತು. ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಒಂದು ಪಾಲು. ಅಲ್ಲಿ ಎಂಥ ಗಟ್ಟಿಗನಿಗೂ ಮೂರೂವರೆ ಮೀಟರಿಗಿಂತ ಉದ್ದದ ಸ್ಟ್ರಾದಲ್ಲಿ ನೀರು ಸಿಗದು. ಚಂದ್ರನ ಬಯಲಿನಲ್ಲಿ ಸ್ಟ್ರಾ ಬರೀ ಒಂದು ಕೊಳವೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಮಾತ್ರ ಅದಕ್ಕೆ ಭರ್ಜರಿ ಕೆಲಸವಿದೆ. ಒಳಗೆ ಗಾಳಿ ತುಂಬಿರುವುದರಿಂದ ಒತ್ತುವವರಿಗೆ ಬರವಿಲ್ಲ, ದ್ರವದ ಚೀಲ ಕುಗ್ಗುತ್ತ ಬಾಯಿಗೆ ಬರುತ್ತದೆ. ತೊಂದರೆ ಎಂದರೆ ವಾಪಸು ಇಳಿಸಲು ಅಲ್ಲಿ ತೂಕವಿಲ್ಲ. ಬಾಯಿ ತೆಗೆದರೂ ದ್ರವ ತಾನಾಗಿ ಹಿಂದಕ್ಕೆ ಬೀಳುವುದಿಲ್ಲ, ಹೊರಗೆ ತೇಲಿಕೊಂಡು ಬರಬಹುದು. ಹಾಗಾಗಿ ಆ ಸ್ಟ್ರಾಗಳಿಗೆ ಒಂದು ಕ್ಲಿಪ್ಪು. ಕುಡಿದ ಮೇಲೆ ಒತ್ತಿ ಮುಚ್ಚಬೇಕು.

ಹತ್ತು ಮೀಟರು ಗಾಳಿಯ ಮಿತಿಯಾಯಿತು, ಬಾಯಿಯ ಮಿತಿ ಎಷ್ಟು? ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಮನೆಯಲ್ಲಿತ್ತು. ಚೆನ್ನಾಗಿ ತೊಳೆದು, ಬಕೆಟ್ಟಿಗೆ ಕುಡಿಯುವ ನೀರು ತುಂಬಿಸಿ ಮೆಟ್ಟಿಲ ಬುಡದಲ್ಲಿಟ್ಟೆವು. ನಾನು ಪೈಪಿನ ತುದಿ ಕಚ್ಚಿಕೊಂಡು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತುವುದು, ಮಗಳು ಟೇಪು ಹಿಡಿದು ಅಳೆಯುವುದು. ಎದೆಯ ಉಸಿರನ್ನೇ ನಂಬಿ ಒಂದೇ ದಮ್ಮಿನಲ್ಲಿ ಎಳೆದಾಗ ನೀರು ಒಂದು ಮೀಟರಿಗೆ ಚೂರು ಕಡಿಮೆ ಏರಿ ತೂಗಾಡತೊಡಗಿತು. ಪಕ್ಕೆಲುಬುಗಳ ನಡುವೆ ಯಾರೋ ಕೈ ಹಾಕಿ ಹಿಂಡಿದ ಹಾಗೆ. ಆರೋಗ್ಯವಂತರ ಎದೆಗೂಡಿನ ತಾಕತ್ತು ಸುಮಾರು ಅಷ್ಟೇ. ಆಮೇಲೆ ನಾಲಿಗೆಯ ಉಪಾಯ ಹೊಳೆಯಿತು: ಒಂದು ಗುಟುಕು ಎಳೆ, ನಾಲಿಗೆಯ ತುದಿಯಿಂದ ಪೈಪಿನ ಬಾಯಿ ಮುಚ್ಚು, ಬಾಯಲ್ಲಿರುವ ಗಾಳಿ ಹೊರಗೆ ಬಿಡು, ಮತ್ತೆ ಎಳೆ. ಉಸಿರಾಟ ಮೂಗಿನಲ್ಲಿ ತನ್ನ ಪಾಡಿಗೆ. ಹೀಗೆ ಮೆಟ್ಟಿಲು ಹತ್ತುತ್ತ ಎರಡು ಮೀಟರು ದಾಟಿದೆ. ನಾಲಿಗೆಯ ತುದಿ ಪೈಪಿನೊಳಕ್ಕೆ ಸೆಳೆದುಕೊಂಡು ನೋಯತೊಡಗಿತು, ನೀರಿನೊಳಗೆ ಕರಗಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಪೈಪಿನ ಗೋಡೆಗೆ ಕಚ್ಚಿಕೊಂಡಿತು. ಎರಡೂಕಾಲು ಮೀಟರಿನ ಹತ್ತಿರ ನಗು ಬಂತು. ನಗು ಬಂದರೆ ಮುಗಿಯಿತು; ಅಷ್ಟೂ ನೀರು ಸರ್ರನೆ ಬಕೆಟ್ಟಿಗೆ. ಮರುದಿನವೂ ನಾಲಿಗೆಯ ತುದಿಯಲ್ಲಿ ಕೆಂಪು ಉಂಗುರ ಇತ್ತು.

ಮೋಟಾರು ಪಂಪಿನವರಿಗೆ ಈ ಪಾಠ ಮೊದಲೇ ಗೊತ್ತು. ಮೇಲೆ ಕೂತು ನೀರು "ಎಳೆಯುವ" ಪಂಪು ಏಳೆಂಟು ಮೀಟರು ದಾಟುವುದಕ್ಕೆ ಒದ್ದಾಡುತ್ತದೆ. ಅದಕ್ಕಿಂತ ಆಳವಾದರೆ ಪಂಪನ್ನೇ ನೀರಿನೊಳಗೆ ಇಳಿಸಬೇಕು. ಕೆಳಗಿನಿಂದ ತಳ್ಳುವುದಕ್ಕೆ ಹತ್ತು ಮೀಟರಿನ ಹಂಗಿಲ್ಲ.

ಉದ್ದದ ಮಾತು ಬಂದಾಗ ನೆನಪಾಗುತ್ತದೆ. ಕಾಕಸಸ್ ಸೀಮೆಯ ಮೈಕೋಪ್ ಎಂಬಲ್ಲಿ 1897ರಲ್ಲಿ ಒಂದು ಸಮಾಧಿ ದಿಬ್ಬವನ್ನು ಅಗೆದಾಗ ಚಿನ್ನ ಬೆಳ್ಳಿಯ ಎಂಟು ತೆಳು ಕೊಳವೆಗಳು ಸಿಕ್ಕವು, ಒಂದೊಂದೂ ಮೀಟರಿಗಿಂತ ಉದ್ದ. ಐದು ಸಾವಿರ ವರ್ಷಕ್ಕೂ ಹಳೆಯವು. ರಾಜದಂಡ ಇರಬೇಕು, ಮೇಲ್ಕಟ್ಟಿನ ಕೋಲು ಇರಬೇಕು ಎಂದೆಲ್ಲ ಅಂದುಕೊಂಡರು. 2022ರಲ್ಲಿ ರಷ್ಯಾದ ಸಂಶೋಧಕರು ಬೇರೆಯೇ ಮಾತು ಹೇಳಿದರು: ಇವು ಬಿಯರ್ ಕುಡಿಯುವ ಸ್ಟ್ರಾ. ಒಂದು ಕೊಳವೆಯ ತುದಿಯ ಜರಡಿಯಲ್ಲಿ ಬಾರ್ಲಿಯ ಪಿಷ್ಟದ ಕಣಗಳು ಸಿಕ್ಕಿದ್ದವು. ದೊಡ್ಡ ಗಡಿಗೆಯ ಸುತ್ತ ಎಂಟು ಜನ ಕೂತು ಕುಡಿಯುತ್ತಿದ್ದರೇನೋ. ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ನಮ್ಮ ಮೆಟ್ಟಿಲು. ಒಂದೇ ದಮ್ಮಿಗೆ ದಕ್ಕುವುದು ಒಂದು ಮೀಟರು, ಅವರ ಕೊಳವೆ ಅದಕ್ಕಿಂತ ಒಂದಿಷ್ಟು ಉದ್ದ. ಓರೆಯಾಗಿ ಹಿಡಿದರೆ ಏರಬೇಕಾದ ಎತ್ತರ ಇನ್ನೂ ಕಡಿಮೆ. ಕೂತು ಹರಟುತ್ತ ಕುಡಿಯಲು ಹದವಾದ ಅಳತೆ. ಈಗಿನ ಇರಾಕಿನಲ್ಲಿದ್ದ ಪ್ರಾಚೀನ ‘ಊರ್’ ನಗರದ ರಾಣಿ ಪುಆಬಿಯ ಸಮಾಧಿಯಲ್ಲೂ ಇಂಥ ಚಿನ್ನದ ಕೊಳವೆ ಸಿಕ್ಕಿದೆ. ಜರಡಿ ಯಾಕೆಂದರೆ ಆ ಕಾಲದ ಬಿಯರಿನಲ್ಲಿ ಕಾಳಿನ ಹೊಟ್ಟು ತೇಲುತ್ತಿತ್ತು. ಸ್ಟ್ರಾ ಹುಟ್ಟಿದ್ದು ಶೋಕಿಗಿಂತ ಹೆಚ್ಚಾಗಿ ಕಸ ತಪ್ಪಿಸಲು ಇರಬೇಕು.

ಈಗಿನ ಸ್ಟ್ರಾಕ್ಕೆ ಆ ಹೆಸರು ಬಂದದ್ದು ಹುಲ್ಲಿನ ಕಡ್ಡಿಯಿಂದ. ರೈ ಎಂಬ ಧಾನ್ಯದ ಟೊಳ್ಳು ದಂಟನ್ನು ಕತ್ತರಿಸಿ ಕುಡಿಯುತ್ತಿದ್ದರು. ಪಾನೀಯಕ್ಕೆ ಹುಲ್ಲಿನ ವಾಸನೆ, ಕಡ್ಡಿ ನೆನೆದು ಮೆತ್ತಗೆ. ಇದರಿಂದ ಬೇಸತ್ತ ಮಾರ್ವಿನ್ ಸ್ಟೋನ್ ಎಂಬ ವಾಷಿಂಗ್ಟನ್ನಿನ ವ್ಯಾಪಾರಿ ಪೆನ್ಸಿಲಿನ ಸುತ್ತ ಕಾಗದದ ಪಟ್ಟಿ ಸುತ್ತಿ ಅಂಟು ಹಾಕಿ ನೋಡಿದ. ಸಿಗರೇಟಿಗೆ ಕಾಗದದ ಕೊಳವೆ ಮಾಡುವುದು ಅವನ ಕಸುಬಾದ್ದರಿಂದ ಕೈ ಪಳಗಿತ್ತು. 1888ರ ಜನವರಿ 3ರಂದು ಪೇಟೆಂಟ್ ಸಿಕ್ಕಿತು. ನೆನೆಯದಿರಲಿ ಎಂದು ಕಾಗದಕ್ಕೆ ಮೇಣ. ಅಲ್ಲಿಂದ ಪ್ಲಾಸ್ಟಿಕ್ಕಿಗೆ ಹೋಗಿ, ಕಡಲಿಗೆ ಕಸ ತುಂಬಿ, ಈಗ ಮತ್ತೆ ಕಾಗದಕ್ಕೆ ಬಂದಿದ್ದೇವೆ. ಕಾಗದದ ನಾರುಗಳ ನಡುವಿನ ಸಂದುಗಳು ತಾವೇ ಸಾವಿರಾರು ಸಣ್ಣ ಕೊಳವೆಗಳು, ನೀರು ಅವುಗಳೊಳಗೆ ಹೀರದೆಯೇ ಏರುತ್ತದೆ. ಅರ್ಧ ಗ್ಲಾಸು ಮುಗಿಯುವ ಹೊತ್ತಿಗೆ ಸ್ಟ್ರಾ ತುಟಿಗೆ ಅಂಟುವ ಮುದ್ದೆ. ಕಾಗದದ ಸ್ಟ್ರಾ ಒಳ್ಳೆಯದು ಎಂದು ವಾದಿಸಬಲ್ಲೆ, ಇಷ್ಟ ಎಂದು ಮಾತ್ರ ಹೇಳಲಾರೆ.

ಅಗಲದ ವಿಷಯಕ್ಕೆ ಬಂದರೆ ಆಶ್ಚರ್ಯ ಕಾದಿದೆ. ಗಟ್ಟಿ ಮಿಲ್ಕ್‌ಶೇಕನ್ನು ಸಣ್ಣ ಸ್ಟ್ರಾದಲ್ಲಿ ಕುಡಿಯಲು ಹೋಗಿ ಕೆನ್ನೆ ನೋಯಿಸಿಕೊಳ್ಳದವರಿಲ್ಲ. ಅಗಲ ಎರಡರಷ್ಟಾದರೆ ಹರಿವು ಎಷ್ಟು ಹೆಚ್ಚಬೇಕು? ಎರಡು ಪಟ್ಟು ಅಂದಳು ಮಗಳು. ಬಾಯಿಯ ವಿಸ್ತೀರ್ಣ ನಾಲ್ಕರಷ್ಟಾಗುತ್ತದಲ್ಲ, ನಾಲ್ಕು ಪಟ್ಟು ಅಂದೆ ನಾನು. ಇಬ್ಬರೂ ಸೋತೆವು, ಹದಿನಾರು ಪಟ್ಟು. ಗೋಡೆಗೆ ತಾಗಿದ ಪದರ ಗೋಡೆಗೇ ಅಂಟಿಕೊಂಡು ನಿಂತಿರುತ್ತದೆ, ಅದು ಪಕ್ಕದ ಪದರವನ್ನು ಹಿಡಿದು ಜಗ್ಗುತ್ತದೆ, ಸರಾಗವಾಗಿ ಹರಿಯುವುದು ನಟ್ಟನಡುವಿನದು ಮಾತ್ರ. ಕೊಳವೆ ಅಗಲವಾದರೆ ಜಾಗವೂ ಹೆಚ್ಚು, ಗೋಡೆಯಿಂದ ನಡುವಿಗೆ ದೂರವೂ ಹೆಚ್ಚು, ಎರಡು ಲಾಭ ಗುಣಿಸಿಕೊಳ್ಳುತ್ತವೆ. ತೆಳು ನೀರಿಗೆ ಈ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂರದು, ಅದು ಸ್ಟ್ರಾದಲ್ಲಿ ಸುಳಿ ಎದ್ದು ಹರಿಯಬಲ್ಲದು. ಗಟ್ಟಿ ದ್ರವಕ್ಕೆ ಮಾತ್ರ ಇದೇ ಮಾರ್ಗದರ್ಶಿ. ಈ ನಿಯಮ ಕಂಡ ಇಬ್ಬರಲ್ಲಿ ಒಬ್ಬ, ಪ್ವಾಸಾಯ್, ಪ್ಯಾರಿಸ್ಸಿನ ವೈದ್ಯ. ಅವನ ತಲೆಯಲ್ಲಿದ್ದದ್ದು ಮಿಲ್ಕ್‌ಶೇಕ್ ಅಲ್ಲ, ಕೂದಲೆಳೆಯಂಥ ರಕ್ತನಾಳ. ನಾಳದ ಅಗಲ ಅರ್ಧಕ್ಕೆ ಇಳಿದರೆ, ಒತ್ತಡ ಅಷ್ಟೇ ಇದ್ದರೆ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಹೃದಯದ ಡಾಕ್ಟರುಗಳು ನಾಳ ಕಿರಿದಾಗಿದೆ ಅಂದಾಗ ಮುಖ ಗಂಭೀರ ಮಾಡಿಕೊಳ್ಳುವುದು ಸುಮ್ಮನಲ್ಲ.

ಸೋಡಾದಲ್ಲಿ ಬಿಟ್ಟ ಸ್ಟ್ರಾ ಮೆಲ್ಲಗೆ ಎದ್ದು ಹೊರಗೆ ಬೀಳುವುದು ಅದರ ಮೈಗೆ ಕಟ್ಟಿಕೊಂಡ ಗುಳ್ಳೆಗಳಿಂದ. ನೀರಿನಲ್ಲಿ ಮುರಿದಂತೆ ಕಾಣುವುದು ಬೆಳಕಿನ ಬಾಗುವಿಕೆಯಿಂದ. ಇವೆಲ್ಲ ಶಾಲೆಯ ಪುಸ್ತಕದಲ್ಲೇ ಇವೆ. ಸ್ಟ್ರಾಕ್ಕೆ ಇರುವುದು ಒಂದು ತೂತೋ ಎರಡೋ ಎಂಬ ಜಗಳ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಗಣಿತದವರು ಒಂದೇ ಅನ್ನುತ್ತಾರೆ. ಮಗಳು ಒಪ್ಪಿಲ್ಲ.

ಈ ಭಾನುವಾರದ ಆಟ ಮುಗಿದು ಕೆಲವು ತಿಂಗಳಾಗಿತ್ತು. ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಾದ ಮೇಲೆ ಆಸ್ಪತ್ರೆಯ ನಾಲ್ಕನೇ ಮಹಡಿಯ ಒಂದು ಕೋಣೆ. ಪೂರ್ತಿ ಏಳಿಸುವ ಹಾಗಿರಲಿಲ್ಲ, ಮಂಚದ ತಲೆಯ ಭಾಗವನ್ನು ಒಂದಿಷ್ಟು ಎತ್ತಿದ್ದರು. ಕುಡಿಯಲು ಕೊಟ್ಟದ್ದು ಕುತ್ತಿಗೆ ಬಾಗುವ ಸ್ಟ್ರಾ.

ಆ ಬಾಗುವ ಕುತ್ತಿಗೆಯ ಹಿಂದೆ ಒಂದು ಮಗುವಿದೆ. 1930ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋಸೆಫ್ ಫ್ರೀಡ್‌ಮನ್ ಎಂಬಾತ ತನ್ನ ಪುಟ್ಟ ಮಗಳು ಎತ್ತರದ ಕೌಂಟರಿನ ಮುಂದೆ ಕೂತು ನೆಟ್ಟಗಿನ ಸ್ಟ್ರಾದ ತುದಿಗೆ ಬಾಯಿ ಎಟುಕಿಸಲು ಪರದಾಡುವುದನ್ನು ನೋಡಿದ. ಕಾಗದದ ಸ್ಟ್ರಾದೊಳಗೆ ಒಂದು ಸ್ಕ್ರೂ ತೂರಿಸಿ, ಹೊರಗಿನಿಂದ ಹಲ್ಲು ಶುಚಿ ಮಾಡುವ ದಾರವನ್ನು ಸ್ಕ್ರೂವಿನ ಸುರುಳಿ ಗೀರಿನ ಗುಂಟ ಬಿಗಿದು ಸುತ್ತಿದ. ಸ್ಕ್ರೂ ತೆಗೆದಾಗ ಕಾಗದದಲ್ಲಿ ನೆರಿಗೆ ಉಳಿಯಿತು, ಸ್ಟ್ರಾ ಮಡಿಸಿಕೊಳ್ಳದೆ ಬಾಗಿತು. 1937ರಲ್ಲಿ ಪೇಟೆಂಟ್, 1947ರಲ್ಲಿ ಮೊದಲ ಮಾರಾಟ. ಕೊಂಡದ್ದು ಒಂದು ಆಸ್ಪತ್ರೆ. ಪ್ಲಾಸ್ಟಿಕ್ ಸ್ಟ್ರಾ ಯಾರಿಗೂ ಬೇಡ ಎಂದು ಗಟ್ಟಿಯಾಗಿ ಹೇಳುವವರ ನಡುವೆ ನಾನೂ ಇದ್ದೆ. ಲೋಟ ಎತ್ತಲಾರದ ಕೈಗಳ ಪಕ್ಕ ಕೂತ ಮೇಲೆ ಅಷ್ಟು ಗಟ್ಟಿಯಾಗಿ ಹೇಳುವುದನ್ನು ಬಿಟ್ಟಿದ್ದೇನೆ.

ನಾನು ಲೋಟವನ್ನು ಹಾಸಿಗೆಯ ಅಂಚಿನಲ್ಲಿ ಹಿಡಿದಿದ್ದೆ. ಅಪ್ಪ ತುಟಿ ಕೂಡಿಸಿದರು. ಪಾರದರ್ಶಕ ಸ್ಟ್ರಾದೊಳಗೆ ನೀರು ಒಂದು ಬೆರಳು, ಎರಡು ಬೆರಳು, ನಾಲ್ಕು ಬೆರಳು ಏರಿ ನಿಂತಿತು. ಅಲ್ಲೇ ನಡುಗಿತು. ಕೆಳಗಿಳಿಯಿತು. ಮತ್ತೆ ನಾಲ್ಕು ಬೆರಳು, ಮತ್ತೆ ಕೆಳಗೆ. ನನ್ನ ಕಣ್ಣು ಆ ನೀರಿನ ತುದಿಯನ್ನು ಬಿಟ್ಟು ಕದಲಲಿಲ್ಲ. ನಾಲ್ಕು ಬೆರಳೆಂದರೆ ಏಳು ಸೆಂಟಿಮೀಟರು, ಗಾಳಿಯ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಅದಕ್ಕಿಂತ ಹೆಚ್ಚು ಜಾಗವನ್ನು ಅಪ್ಪನ ಬಾಯಿ ಬಿಡಿಸಿಕೊಡಲಾರದೆ ಹೋಗಿತ್ತು. ಇಷ್ಟೆಲ್ಲ ಲೆಕ್ಕ ಗೊತ್ತಿದ್ದ ನಾನು "ಇನ್ನೂ ಸ್ವಲ್ಪ ಜೋರಾಗಿ ಎಳೀರಿ ಅಪ್ಪಾ" ಅಂದೆ. ಎಳೀರಿ ಅಂತಲೇ ಅಂದೆ.

ಒಳಗೆ ಬಂದ ಸಿಸ್ಟರ್ ಒಂದು ಕ್ಷಣ ನೋಡಿದರು. "ಲೋಟ ಕೆಳಗಾಯ್ತು ಮೇಡಂ, ಬಾಯಿ ಮಟ್ಟಕ್ಕೆ ತನ್ನಿ," ಎಂದು ನನ್ನ ಮೊಣಕೈ ಹಿಡಿದು ಎತ್ತಿದರು. ಲೋಟದ ನೀರು ಅಪ್ಪನ ತುಟಿಗಿಂತ ಎರಡು ಬೆರಳಷ್ಟೇ ಕೆಳಗೆ ಬಂದಿತು. ಸ್ಟ್ರಾ ಉದ್ದ ಎಷ್ಟಿದ್ದರೇನು, ಗಾಳಿ ಹೊರಬೇಕಾದದ್ದು ಆ ಎರಡು ಬೆರಳಿನ ಎತ್ತರವನ್ನು ಮಾತ್ರ. ಅಪ್ಪನ ಗಂಟಲು ಒಮ್ಮೆ ಆಡಿತು. "ಇನ್ನೂ ಮೇಲೆ ಬೇಡ, ತಾನಾಗೇ ನುಗ್ಗಿ ಕೆಮ್ಮು ಬಂದ್ಬಿಡುತ್ತೆ" ಅಂದರು ಸಿಸ್ಟರ್. ನೀರು ಬಾಯಿಗಿಂತ ಮೇಲಾದರೆ ಸ್ಟ್ರಾ ಸೈಫನ್ ಆಗಿಬಿಡುತ್ತದೆ ಎನ್ನುವುದನ್ನು ಅವರು ಆ ಪದ ಬಳಸದೆ ಹೇಳಿದರು. ಒಳಗೆ ಸಣ್ಣ ವಾಲ್ವ್ ಇರುವ, ಏರಿದ ನೀರನ್ನು ಕೆಳಗಿಳಿಯಲು ಬಿಡದ ಸ್ಟ್ರಾಗಳೂ ಇವೆ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಮೊಣಕೈ ಎತ್ತಿದ್ದೇ ಸಾಕಾಗಿತ್ತು.

ಮಂಚದ ಪಕ್ಕ ಕಿಟಕಿ. ಕಿಟಕಿಯ ಮಟ್ಟಕ್ಕೆ ಒಂದು ಮರದ ತುದಿ, ಎಲೆಗಳ ಮೇಲೆ ಬಿಸಿಲು. ನಾಲ್ಕನೇ ಮಹಡಿ ಅಂದರೆ ನೆಲದಿಂದ ಹನ್ನೆರಡು ಮೀಟರಿಗೆ ಕಡಿಮೆಯಿಲ್ಲ. ಆ ಎಲೆಗಳಿಗೆ ಬೇರಿನಿಂದ ನೀರು ಬರುತ್ತಿದೆ, ಗಾಳಿ ತಳ್ಳಬಲ್ಲ ಹತ್ತು ಮೀಟರನ್ನು ದಾಟಿ. ರೆಡ್‌ವುಡ್ ಮರಗಳಲ್ಲಿ 115 ಮೀಟರಿಗೂ ಮಿಕ್ಕಿ ಏರುತ್ತದೆ. ಅಲ್ಲಿ ಗಾಳಿಯ ಆಟ ನಡೆಯುವುದಿಲ್ಲ. 1890ರ ದಶಕದಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಕೊಟ್ಟ ಉತ್ತರ ಇವತ್ತಿಗೂ ನಿಂತಿದೆ: ಮರ ನಿಜವಾಗಿಯೂ ಎಳೆಯುತ್ತದೆ. ಎಲೆಯಿಂದ ನೀರು ಆವಿಯಾದಂತೆಲ್ಲ ಅಲ್ಲಿನ ಕೋಶಗಳ ಗೋಡೆಯ ಅತಿಸಣ್ಣ ರಂಧ್ರಗಳಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗಿ ಬಿಗಿಯುತ್ತದೆ. ಅದರ ಹಿಂದಿನ ನೀರು ಅದನ್ನು ಹಿಡಿದುಕೊಂಡಿದೆ, ಅದರ ಹಿಂದಿನದು ಅದನ್ನು, ಹೀಗೆ ಬೇರಿನ ತುದಿಯವರೆಗೆ ಕಡಿಯದ ಒಂದೇ ಎಳೆ. ಗೆಲಿಲಿಯೋ ಹೇಳಿದ ಹಗ್ಗ. ಪಂಪಿನ ವಿಷಯಕ್ಕೆ ತಪ್ಪಾಗಿದ್ದ ಮಾತು ಮರದ ಒಳಗೆ ನಿಜವಾಗಿ ಕೂತಿದೆ. ನಡುವೆ ಗಾಳಿಯ ಒಂದು ಗುಳ್ಳೆ ಹುಟ್ಟಿದರೆ ಆ ನಾಳದಲ್ಲಿ ಹಗ್ಗ ತುಂಡಾಗುತ್ತದೆ, ಸೀಳಿದ ಸ್ಟ್ರಾದಂತೆ ಆ ಒಂದು ನಾಳ ಕೆಲಸ ನಿಲ್ಲಿಸುತ್ತದೆ. ಬರಗಾಲದಲ್ಲಿ ಮರದೊಳಗೆ ಹೀಗೆ ಎಳೆಗಳು ಕಡಿಯುವ ಟಿಕ್ ಟಿಕ್ ಸದ್ದನ್ನು ಸೂಕ್ಷ್ಮ ಉಪಕರಣಗಳಲ್ಲಿ ಕೇಳಿದವರಿದ್ದಾರೆ.

ಲೋಟ ಹಗುರಾಗಿತ್ತು. ಕೈ ಸೋತು ಬರುತ್ತಿದ್ದರೂ ಮಟ್ಟ ತಪ್ಪದ ಹಾಗೆ ಹಿಡಿದಿದ್ದೆ. ನೀರು ಇಳಿದಂತೆಲ್ಲ ಲೋಟವನ್ನು ಕೂದಲೆಳೆಯಷ್ಟು ಮೇಲೆತ್ತುವುದು, ಮತ್ತೆ ನಿಲ್ಲಿಸುವುದು. ಕೊನೆಗೆ ತಳ ಕಂಡಿತು. ಸ್ಟ್ರಾದಿಂದ ಗೊರ್ರ್ ಎಂದು ಸದ್ದು ಬಂತು.

"ಮುಗೀತಲ್ಲ ಅಪ್ಪಾ, ಇನ್ನೇನು ಲೋಟ ತಿಂತೀರಾ?" ಅಂದೆ.

ಅಪ್ಪ ಕಣ್ಣು ತೆರೆಯಲಿಲ್ಲ. ಸ್ಟ್ರಾವನ್ನೂ ಬಿಡಲಿಲ್ಲ. ಇನ್ನೊಂದು ಸಲ, ಮೊದಲಿಗಿಂತ ಉದ್ದವಾಗಿ, ಗೊರ್ರ್ ಅನ್ನಿಸಿದರು.